ಮರದ ಹಡಗಿನ ಕಿಟ್ಟನ್ನು ಬೇಕಾದ ಹಾಗೆ ಬದಲಿಸುವುದು: ಮಲೆನಾಡಿನಲ್ಲಿ ಕೂತು ಕಟ್ಟುವವರಿಗೆ

ಕಿಟ್ಟಿನ ಡಬ್ಬದ ಮೇಲಿರುವ ಫೋಟೋದ ಹಾಗೇ ಹಡಗು ಕಟ್ಟಬೇಕು ಅಂತ ಎಲ್ಲೂ ನಿಯಮ ಇಲ್ಲ. ಡಬ್ಬದೊಳಗೆ ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್ ಅಸ್ಥಿಪಂಜರ, ಒಂದಷ್ಟು ಮರದ ಪಟ್ಟಿ, ಎರಕದ ಬಿಡಿಭಾಗಗಳು, ದಾರ ಮತ್ತು ನಕ್ಷೆ ಇರುತ್ತವೆ. ಇದರಲ್ಲಿ ನಿಜವಾಗಿ ಬೆಲೆ ಬಾಳುವುದು ಅಸ್ಥಿಪಂಜರ ಮತ್ತು ನಕ್ಷೆ. ಉಳಿದದ್ದನ್ನೆಲ್ಲ ಬದಲಿಸಬಹುದು. ಮರ, ಬಣ್ಣ, ಮೂತಿಯ ಗೊಂಬೆ, ರಾಟೆ, ಹಗ್ಗ, ಕೊನೆಗೆ ಹಡಗಿನ ಹೆಸರನ್ನೂ.

ಈ ಮಾರ್ಗದರ್ಶಿ ಒಂದಾದರೂ ಕಿಟ್ ಕಟ್ಟಿ ನೋಡಿದವರಿಗೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಕೂತು ಕೆಲಸ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಯಾಕೆಂದರೆ ಕಿಟ್ಟಿನ ಜೊತೆ ಬರುವ ಕೈಪಿಡಿ ಯುರೋಪಿನ ಹವೆಗೆ ಬರೆದದ್ದು. ಅಲ್ಲಿ ವರ್ಷದ ಯಾವ ತಿಂಗಳಲ್ಲಿ ಹಲಗೆ ಅಂಟಿಸಿದರೂ ನಡೆಯುತ್ತದೆ. ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿ ಕೆಲಸದ ಕ್ರಮ ನಿರ್ಧರಿಸುವುದು ಮಳೆ.

ಮೊದಲು ಹಡಗು ಮತ್ತು ವರ್ಷ ಗೊತ್ತು ಮಾಡಿ

ಚಾಕು ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ಎರಡು ವಿಷಯ ಬರೆಯಿರಿ: ಯಾವ ಹಡಗು, ಯಾವ ವರ್ಷ. ಇಷ್ಟು ಬರೆದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಹಡಗುಗಳು ದಶಕಗಟ್ಟಲೆ ಸೇವೆಯಲ್ಲಿ ಇರುತ್ತಿದ್ದವು. ಒಂದೇ ಹಡಗಿನ ಬಣ್ಣ, ತೋಪು, ಹಗ್ಗಗಳ ಜೋಡಣೆ ಮತ್ತೆ ಮತ್ತೆ ಬದಲಾಗುತ್ತಿದ್ದವು. ವರ್ಷ ಗೊತ್ತು ಮಾಡದೆ ಬದಲಾವಣೆ ಶುರು ಮಾಡಿದರೆ ಒಂದು ಕಾಲದ ಬಣ್ಣ ಇನ್ನೊಂದು ಕಾಲದ ತೋಪಿನ ಪಕ್ಕ ಬಂದು ಕೂರುತ್ತದೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಎಚ್‌ಎಂಎಸ್ ಟ್ರಿಂಕೊಮಲಿ. ಇದು ಬ್ರಿಟಿಷ್ ನೌಕಾಪಡೆಯ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧನೌಕೆ. ಆದರೆ ಹುಟ್ಟಿದ್ದು ಮುಂಬೈಯಲ್ಲಿ. ವಾಡಿಯಾ ಮನೆತನದವರು ಕಟ್ಟಿ 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದರು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಹಾಗಾಗಿ ಮಲಬಾರಿನ ತೇಗದಲ್ಲಿ ಕಟ್ಟಿದರು. ಅದು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೇ ಇದೆ. ನಮ್ಮ ಪಶ್ಚಿಮ ಘಟ್ಟದ ಸಾಲಿನ ಮರ ಇನ್ನೂರು ವರ್ಷ ದಾಟಿ ತೇಲುತ್ತಿದೆ ಅಂದರೆ ಅದನ್ನು ಇಲ್ಲಿ ಕೂತು ಮಾದರಿಯಾಗಿ ಕಟ್ಟುವುದರಲ್ಲಿ ಒಂದು ಸೊಗಸಿದೆ, ಅಲ್ವಾ?

ಇದೇ ಹೆಸರಿನ ಕಿಟ್ ಸಿಗದಿದ್ದರೂ ಚಿಂತೆ ಇಲ್ಲ. ಟ್ರಿಂಕೊಮಲಿ ಲೆಡಾ ವರ್ಗದ ಹಡಗು. ಈ ವರ್ಗದ ನಕ್ಷೆಯ ಮೂಲ ಬ್ರಿಟಿಷರು 1782ರಲ್ಲಿ ಫ್ರೆಂಚರಿಂದ ಸೆರೆ ಹಿಡಿದ ಹೆಬೆ ಎಂಬ ಫ್ರಿಗೇಟ್. ಅದರ ಮೇಲೆ ಹತ್ತಾರು ಹಡಗು ಕಟ್ಟಿದರು. 1813ರಲ್ಲಿ ಅಮೆರಿಕದ ಚೆಸಪೀಕ್ ಹಡಗನ್ನು ಗೆದ್ದ ಶಾನನ್ ಕೂಡ ಇದೇ ವರ್ಗದ್ದು. ಈಗ ಸ್ಕಾಟ್ಲೆಂಡಿನ ಡಂಡೀಯಲ್ಲಿರುವ ಯುನಿಕಾರ್ನ್ ಕೂಡ ಇದೇ ಬಳಗದ್ದು. ಅಂದರೆ ಒಡಲು ಒಂದೇ, ಮೇಲಿನ ವಿವರ ಬೇರೆ. ಕಿಟ್ ಬದಲಿಸುವವರಿಗೆ ಇಂಥ ಹಡಗುಗಳೇ ಸರಿ. ಅಸ್ಥಿಪಂಜರಕ್ಕೆ ಕೈ ಹಚ್ಚದೆ ಬೇರೆ ಹಡಗು ಮಾಡಬಹುದು.

ವರ್ಷ ಯಾಕೆ ಮುಖ್ಯ ಅನ್ನುವುದಕ್ಕೂ ಇದೇ ಹಡಗು ಸಾಕ್ಷಿ. ಕಟ್ಟಿದಾಗ ಅದು 38 ತೋಪಿನ ದರ್ಜೆಯ ಫ್ರಿಗೇಟ್. ಕಟ್ಟಿ ಮುಗಿಯುವ ಹೊತ್ತಿಗೆ ಯುದ್ಧ ಮುಗಿದಿತ್ತು. ಇಂಗ್ಲೆಂಡಿಗೆ ಒಯ್ದು ಎಷ್ಟೋ ವರ್ಷ ಸುಮ್ನೆ ಕಟ್ಟಿ ಹಾಕಿದರು. 1847ರಲ್ಲಿ ಸೇವೆಗೆ ಹೊರಟಾಗ ಅದರಲ್ಲಿ ಇದ್ದದ್ದು 26 ತೋಪು, ಆದರೆ ಮೊದಲಿಗಿಂತ ದೊಡ್ಡವು. ನೀವು 1817ರ ಹಡಗು ಕಟ್ಟುತ್ತೀರೋ, 1847ರದ್ದೋ, ಈಗ ಹಾರ್ಟ್ಲ್‌ಪೂಲ್‌ನಲ್ಲಿ ಕಾಣುವುದೋ? ವರ್ಷ ಬದಲಾದರೆ ತೋಪಿನ ಲೆಕ್ಕವೂ ಬದಲಾಗುತ್ತದೆ. ಮೊದಲ ಸಲ ಬದಲಾವಣೆಗೆ ಇಳಿಯುವವರಿಗೆ ನನ್ನ ಸಲಹೆ ಈಗ ಇರುವ ಹಡಗು. ಯಾಕೆಂದರೆ ಅದರ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಅನುಮಾನ ಬಂದಾಗ ನೋಡಿ ಖಚಿತ ಮಾಡಿಕೊಳ್ಳಬಹುದು.

ಮಳೆಯ ಲೆಕ್ಕ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಲ್ಲಿ ತೇವ ಶೇ. 85ರಿಂದ 90 ಇರುವಾಗ, ಅಂದರೆ ಜುಲೈಯ ಜಡಿಮಳೆಯಲ್ಲಿ, ಮರ ತನ್ನ ಒಣ ತೂಕದ ಶೇ. 18ರಿಂದ 20ರಷ್ಟು ನೀರು ಹಿಡಿದುಕೊಂಡಿರುತ್ತದೆ. ತೇವ ಶೇ. 40ಕ್ಕೆ ಇಳಿದರೆ ಅದೇ ಮರದಲ್ಲಿ ಉಳಿಯುವುದು ಶೇ. 7ರಿಂದ 8. ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ. ಅಡ್ಡಕ್ಕೆ ಹಿಗ್ಗುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಹಲಗೆ ಈ ಎರಡು ಕಾಲದ ನಡುವೆ ಎರಡು ಮಿಲಿಮೀಟರ್‌ನಷ್ಟು ಆಚೀಚೆ ಆಗಬಹುದು. ನಿಜವಾದ ಹಡಗಿನಲ್ಲಿ ಅದು ಏನೂ ಅಲ್ಲ. 1:64ರ, ಅಂದರೆ ನಿಜವಾದ ಹಡಗಿಗಿಂತ 64 ಪಟ್ಟು ಚಿಕ್ಕದಾದ, ಮಾದರಿಯಲ್ಲಿ ಎರಡು ಮಿಲಿಮೀಟರ್ ಅಂದರೆ ಐದು ಇಂಚಿನ ಬಿರುಕು.

ಆಗಸ್ಟಿನಲ್ಲಿ ಅಂಟಿಸಿದ ಡೆಕ್ಕಿನ ಪಟ್ಟಿಗಳು ಮಾರ್ಚಿನಲ್ಲಿ ಸಂದು ಬಿಡುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಒತ್ತೊತ್ತಾಗಿ ಅಂಟಿಸಿದವು ಮಳೆಗಾಲದಲ್ಲಿ ಒಂದನ್ನೊಂದು ತಳ್ಳಿ ಮೇಲೇಳುತ್ತವೆ. ಹಾಗಾಗಿ ಹಲಗೆ ಹೊದಿಸುವ ಕೆಲಸಕ್ಕೆ ಸರಿಯಾದ ಕಾಲ ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ. ಗಾಳಿ ತೀರಾ ಒದ್ದೆಯೂ ಅಲ್ಲ, ತೀರಾ ಒಣಗಿಯೂ ಇಲ್ಲ.

ಮಳೆಗಾಲ ದಂಡ ಅಂತ ತಿಳಿಯಬೇಡಿ. ಓದುವುದು, ನಕ್ಷೆ ಮೇಲೆ ಗುರುತು ಹಾಕುವುದು, ಗೊಂಬೆ ಕೆತ್ತುವುದು, ತೋಪಿನ ಗಾಡಿ ಜೋಡಿಸುವುದು, ರಾಟೆ ತಿದ್ದುವುದು, ಹಗ್ಗ ಹೊಸೆಯುವುದು, ಇವೆಲ್ಲ ಜೂನ್‌ನಿಂದ ಸೆಪ್ಟೆಂಬರ್ ತನಕ ಆರಾಮಾಗಿ ಮಾಡುವಂಥ ಕೆಲಸ. ಆಗ ಅಂಟು ಮತ್ತು ಪಾಲಿಶ್ ಮಾತ್ರ ಬೇಡ. ಪುಷ್ಯ ಮಳೆಯ ಹೊತ್ತಿನಲ್ಲಿ ಫೆವಿಕಾಲ್ ಗಂಟೆಗಟ್ಟಲೆ ಹಸಿಯಾಗೇ ಇರುತ್ತದೆ. ಫ್ರೆಂಚ್ ಪಾಲಿಶ್ ಹಚ್ಚಿದರೆ ಸ್ಪಿರಿಟ್ ಆರುವಾಗ ಗಾಳಿಯ ತೇವ ಎಳೆದುಕೊಂಡು ಮೇಲೆ ಬಿಳಿ ಮಂಜು ಕೂರುತ್ತದೆ.

ಒಂದು ಸಣ್ಣ ಡಿಜಿಟಲ್ ತೇವಮಾಪಕ ತಂದು ಮೇಜಿನ ಮೇಲೆ ಇಡಿ. ಈ ಹವ್ಯಾಸಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಇಷ್ಟು ಉಪಯೋಗದ ವಸ್ತು ಬೇರೆ ಇಲ್ಲ. ಅದು ಶೇ. 55ರಿಂದ 65ರ ನಡುವೆ ತೋರಿಸಿದರೆ ಅಂಟಿಸಿ. ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ಇಂಥ ದಿನಗಳು ಜಾಸ್ತಿ ಸಿಗುತ್ತವೆ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆ ಕಡೆಯವರು ಇನ್ನೂ ಎಚ್ಚರ ಇರಬೇಕು. ಕಿಟ್ ಡಬ್ಬವನ್ನು ಬರೀ ರಟ್ಟಿನಲ್ಲಿ ಬಿಡಬೇಡಿ. ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇಲ್ಲದಿದ್ದರೆ ಪ್ಲೈ ತಿರುಚುತ್ತದೆ, ನಕ್ಷೆಗೆ ಬೂಷ್ಟು ಹಿಡಿಯುತ್ತದೆ.

ನಕ್ಷೆ, ಅಳತೆ ಮತ್ತು ಒಬ್ಬ ರಟ್ಟಿನ ಮನುಷ್ಯ

ಮೂಲ ನಕ್ಷೆ ಮೇಲೆ ಪೆನ್ಸಿಲ್ ಇಡಬೇಡಿ. ದೊಡ್ಡ ಹಾಳೆ ತೆಗೆಯುವ ಜೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ಮಾಡಿಸಿ. ಮಾಡಿಸಿದ ಕೂಡಲೇ ಅಲ್ಲೇ ಸ್ಕೇಲ್ ಇಟ್ಟು ಮೂಲದ ಜೊತೆ ಹೋಲಿಸಿ. ಯಂತ್ರ ಒಂದು ದಿಕ್ಕಿನಲ್ಲಿ ಶೇ. 1ರಷ್ಟು ಎಳೆದಿದ್ದರೂ 70 ಸೆಂಟಿಮೀಟರ್ ಒಡಲಿನಲ್ಲಿ 7 ಮಿಲಿಮೀಟರ್ ತಪ್ಪುತ್ತದೆ. ಒಂದು ಪ್ರತಿ ಗೋಡೆಗೆ, ಇನ್ನೊಂದು ಕತ್ತರಿಸಲು.

ಅಳತೆಯ ಲೆಕ್ಕ ಸುಲಭ. ನಿಜವಾದ ಅಳತೆಯನ್ನು ಮಿಲಿಮೀಟರ್‌ಗೆ ತಂದು 64ರಿಂದ ಭಾಗಿಸಿ. ಲೆಡಾ ವರ್ಗದ ತೋಪಿನ ಡೆಕ್ ಸುಮಾರು 150 ಅಡಿ ಉದ್ದ, ಒಡಲು ಸುಮಾರು 40 ಅಡಿ ಅಗಲ. ಮಾದರಿಯಲ್ಲಿ 71 ಸೆಂಟಿಮೀಟರ್ ಮತ್ತು 19 ಸೆಂಟಿಮೀಟರ್. ಹತ್ತು ಇಂಚಿನ ಡೆಕ್ ಹಲಗೆ 4 ಮಿಲಿಮೀಟರ್ ಆಗುತ್ತದೆ.

ಕಿಟ್ ಕಂಪನಿಗಳು ಒಂದೇ ಬಿಡಿಭಾಗವನ್ನು ಬೇರೆ ಬೇರೆ ಅಳತೆಯ ಕಿಟ್ಟುಗಳಿಗೆ ಹಾಕುವುದುಂಟು. ಹಾಗಾಗಿ ಏಣಿ, ಬಾಗಿಲು, ರಾಟೆ, ತೋಪು ಯಾವುದು ದೊಡ್ಡದಾಗಿದೆ ಅಂತ ನೀವೇ ಹಿಡಿಯಬೇಕು. ಇದಕ್ಕೆ ಒಬ್ಬ ರಟ್ಟಿನ ಮನುಷ್ಯ ಬೇಕು. ಐದೂವರೆ ಅಡಿ ಎತ್ತರದ ನಾವಿಕ 1:64ರಲ್ಲಿ 26 ಮಿಲಿಮೀಟರ್. ಮದುವೆ ಕಾಗದದ ರಟ್ಟಿನಲ್ಲಿ ಅಷ್ಟೆತ್ತರದ ಆಕೃತಿ ಕತ್ತರಿಸಿ, ಭುಜದ ಹತ್ತಿರ, ಸೊಂಟದ ಹತ್ತಿರ ಗೆರೆ ಎಳೆಯಿರಿ. ಅವನನ್ನು ಡೆಕ್ ಮೇಲೆ ನಿಲ್ಲಿಸಿ. ಬಾಗಿಲಿನಲ್ಲಿ ಸ್ವಲ್ಪ ಬಗ್ಗಿ ಹೋದರೆ ಸರಿ, ಆ ಕಾಲದ ಹಡಗುಗಳು ಹಾಗೇ ಇದ್ದವು. ಆದರೆ ಏಣಿಯ ಒಂದು ಮೆಟ್ಟಿಲು ಅವನ ಮೊಣಕಾಲು ದಾಟಿದರೆ ಆ ಏಣಿ ಎಸೆಯಿರಿ. ಚುಕ್ಕಾಣಿ ಚಕ್ರ ಅವನಿಗಿಂತ ಎತ್ತರ ಇದ್ದರೂ ಅದೇ ಕಥೆ. ಯಾವ ಪುಸ್ತಕವೂ ತೋರಿಸದ ತಪ್ಪನ್ನು ಈ ರಟ್ಟಿನ ತುಂಡು ತೋರಿಸುತ್ತದೆ.

ಎಸೆಯಬೇಕಾದ್ದು, ಇಟ್ಟುಕೊಳ್ಳಬೇಕಾದ್ದು, ತಿದ್ದಬೇಕಾದ್ದು ಅಂತ ಬಿಡಿಭಾಗಗಳನ್ನು ಮೂರು ಡಬ್ಬಕ್ಕೆ ಹಾಕಿ. ಬದಲಾವಣೆಯ ನಿಜವಾದ ಪಟ್ಟಿ ಆಗ ನಿಮ್ಮ ಕಣ್ಣೆದುರು ಇರುತ್ತದೆ.

ಅಸ್ಥಿಪಂಜರ: ಬದಲಿಸಬೇಡಿ, ನೇರ ಮಾಡಿ

ಮಧ್ಯದ ಪ್ಲೈ ಹಲಗೆ ಮತ್ತು ಅದಕ್ಕೆ ಅಡ್ಡ ಕೂರುವ ಬಲ್ಕ್‌ಹೆಡ್‌ಗಳನ್ನು ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಸಮತಟ್ಟಾದ ಜಾಗ ಬೇಕೆಂದರೆ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡಿಗಿಂತ ಒಳ್ಳೆಯದಿಲ್ಲ. ಮೂತಿಯಿಂದ ಹಿಂಭಾಗದವರೆಗೆ ಒಂದು ದಾರ ಬಿಗಿದು ಮೇಲಿಂದ ನೋಡಿ. ದಾರದಿಂದ ಪ್ಲೈ ಎಲ್ಲಿ ಪಕ್ಕಕ್ಕೆ ಸರಿದರೂ ಅಲ್ಲಿ ತಿರುಚಿದೆ ಅಂತ ಅರ್ಥ. ಅದನ್ನು ಸ್ವಲ್ಪ ಒದ್ದೆ ಮಾಡಿ, ಎರಡು ಗಾಜಿನ ನಡುವೆ ಭಾರ ಹೇರಿ, ಪೂರ್ತಿ ಒಣಗುವ ತನಕ ಬಿಡಿ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಕೆಲಸವೂ ನೆಟ್ಟಗೆ ಬರುವುದಿಲ್ಲ.

ಮೂತಿ ಮತ್ತು ಹಿಂಭಾಗದ ಬಲ್ಕ್‌ಹೆಡ್‌ಗಳ ನಡುವೆ ಮೆದು ಮರ ತುಂಬಿ. ಹೊರದೇಶದವರು ಬಾಲ್ಸಾ ಹಾಕುತ್ತಾರೆ. ನಮ್ಮಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣ ಅಷ್ಟೇ ಹಗುರ, ಚಾಕುವಿಗೆ ಸಲೀಸು. ಆದರೆ ಇದಕ್ಕೆ ಕುಟ್ಟೆ ಹುಳ ಬೇಗ ಹತ್ತುತ್ತದೆ. ಹಡಗಿನ ಹೊಟ್ಟೆಯೊಳಗೆ ಒಮ್ಮೆ ಸೇರಿಕೊಂಡರೆ ಹೊರಗಿನಿಂದ ಏನೂ ಮಾಡಲು ಬರುವುದಿಲ್ಲ. ತುಂಡುಗಳನ್ನು ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಕರಗಿಸಿದ ನೀರಿನಲ್ಲಿ ನೆನೆಸಿ, ಚೆನ್ನಾಗಿ ಒಣಗಿಸಿ ಬಳಸಿ. ಅದೆಲ್ಲ ಬೇಡ ಅನ್ನುವವರು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಾಕಬಹುದು.

ಆಮೇಲೆ ಬಲ್ಕ್‌ಹೆಡ್ ಅಂಚುಗಳನ್ನು ಓರೆ ಮಾಡಬೇಕು. ಒಂದು ತೆಳು ಪಟ್ಟಿಯನ್ನು ಮೂತಿಯಿಂದ ಹಿಂದಕ್ಕೆ ಬಾಗಿಸಿ ಹಿಡಿಯಿರಿ. ಪ್ರತಿ ಬಲ್ಕ್‌ಹೆಡ್ಡಿನ ಅಂಚಿಗೂ ಅದು ಪೂರ್ತಿ ಕೂರಬೇಕು. ಬರೀ ಮೂಲೆ ಮುಟ್ಟಿದರೆ ಪಾಲಿಶ್ ಪೇಪರ್ ಸುತ್ತಿದ ಮರದ ತುಂಡಿನಿಂದ ಉಜ್ಜಿ. ಬರಿಗೈಯಲ್ಲಿ ಪೇಪರ್ ಹಿಡಿದು ಉಜ್ಜಿದರೆ ಅಂಚು ಗುಂಡಾಗುತ್ತದೆ.

ತೋಪಿನ ಕಿಂಡಿಗಳ ಜಾಗ ಬದಲಿಸುವುದಿದ್ದರೆ ಅದನ್ನು ಈಗಲೇ ಗುರುತು ಮಾಡಿ. ಕಿಂಡಿಗಳ ಸಾಲು ನೀರಿನ ಮಟ್ಟಕ್ಕೆ ಸಮಾನಾಂತರ ಇರುವುದಿಲ್ಲ, ಡೆಕ್ಕಿನ ಬಾಗಿಗೆ ಇರುತ್ತದೆ. ಕಿಂಡಿಯ ಪಕ್ಕದ ಅಂಚುಗಳು ಮಾತ್ರ ನೆಟ್ಟಗೆ ನಿಲ್ಲಬೇಕು. ಡೆಕ್ಕಿನಿಂದ ಒಂದೇ ಎತ್ತರಕ್ಕೆ ಪಟ್ಟಿ ಕಟ್ಟಿ, ಅದರ ಮೇಲೆ ಗುರುತು ಹಾಕಿ, ಹತ್ತು ಅಡಿ ದೂರ ನಿಂತು ನೋಡಿ.

ಮರ ಆರಿಸುವುದು

ಮರ ಬದಲಿಸಿದರೆ ಮಾದರಿಯ ಮುಖವೇ ಬದಲಾಗುತ್ತದೆ. ಒಂದು ವಿಷಯ ಮೊದಲೇ ಹೇಳುತ್ತೇನೆ: ನಿಜವಾದ ಟ್ರಿಂಕೊಮಲಿ ತೇಗದ್ದು ಅಂತ ಮಾದರಿಯನ್ನು ತೇಗದಲ್ಲಿ ಮಾಡಬೇಡಿ. ತೇಗದ ರಂಧ್ರ ದೊಡ್ಡದು, ಎಳೆ ದಪ್ಪ. ನಿಜವಾದ ಹಲಗೆಯಲ್ಲಿ ಚೆಂದ ಕಾಣುವ ಎಳೆ 4 ಮಿಲಿಮೀಟರ್ ಪಟ್ಟಿಯಲ್ಲಿ ಉಳುಮೆ ಮಾಡಿದ ಗದ್ದೆ ಹಾಗೆ ಕಾಣುತ್ತದೆ. ಮಾದರಿಗೆ ಬೇಕಾದ್ದು ತೇಗದ ಬಣ್ಣ, ತೇಗವಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚುಗೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ. ಬೆಪ್ಪಾಲೆ ಅಂತಲೂ ಕರೆಯುತ್ತಾರೆ. ದಂತದ ಹಾಗೆ ಬೆಳ್ಳಗೆ, ಎಳೆಯೇ ಕಾಣದಷ್ಟು ಒತ್ತು. ಯುರೋಪಿನವರು ದುಬಾರಿ ಬಾಕ್ಸ್‌ವುಡ್ ಹುಡುಕುವ ಜಾಗಕ್ಕೆಲ್ಲ ಇದು ಸಲ್ಲುತ್ತದೆ: ರಾಟೆ, ಸಣ್ಣ ಕಂಬ, ಡೆಕ್ ಪಟ್ಟಿ, ಕೆತ್ತನೆ. ಒಡಲಿನ ಹೊರಗಿನ ಪಟ್ಟಿಗೆ ಹಲಸು ಒಳ್ಳೆಯದು. ಕೊಯ್ದಾಗ ಹಳದಿ, ಬೆಳಕು ತಾಗಿ ವರ್ಷಗಳಲ್ಲಿ ಜೇನಿನ ಬಣ್ಣಕ್ಕೂ ಆಮೇಲೆ ಕಂದಿಗೂ ತಿರುಗುತ್ತದೆ. ತೇಗದ ಹಡಗಿನ ಬಣ್ಣ ತಾನಾಗೇ ಬರುತ್ತದೆ. ಒಂದೇ ತುಂಡಿನಿಂದ ಕೊಯ್ದ ಪಟ್ಟಿಗಳನ್ನೇ ಒಂದು ಬದಿಗೆ ಬಳಸಿ, ಇಲ್ಲದಿದ್ದರೆ ಬಣ್ಣ ತೇಪೆ ತೇಪೆ ಆಗುತ್ತದೆ. ಕಪ್ಪು ಅಂಚುಪಟ್ಟಿಗೆ ಬೀಟೆಯ ಚೂರು ಸಾಕು.

ಬಡಗಿ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ತೊಲೆ, ಬಾಗಿಲು ಚೌಕಟ್ಟಿನ ತುಂಡುಗಳನ್ನೇ ಕೇಳಿ. ಹತ್ತಾರು ವರ್ಷ ಮನೆಯಲ್ಲಿದ್ದು ಹದಗೊಂಡ ಮರಕ್ಕೆ ಬೆಲೆ ಕಟ್ಟಲಾಗದು. ಹೊಸ ಮರ ತರುವುದಾದರೆ ಮಿಲ್ಲಿನಿಂದ ಬಿಲ್ ಸಮೇತ ತನ್ನಿ. ತೇಗ, ಬೀಟೆ, ಗಂಧದ ವಿಷಯದಲ್ಲಿ ಅರಣ್ಯ ಇಲಾಖೆಯ ನಿಯಮ ಕಟ್ಟುನಿಟ್ಟು. ತೋಟದಲ್ಲಿ ಬಿದ್ದ ಮರ ಅಂದರೂ ಕೇಳದೆ ಕೊಯ್ಯಬಾರದು. ಬೀಟೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲೂ ಇದೆ. ಹಾಗಾಗಿ ಬೀಟೆ ಹಾಕಿದ ಮಾದರಿಯನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ.

ಹಸಿ ಮರ ಸಿಕ್ಕಿದರೆ ಪಟ್ಟಿ ಕೊಯ್ದು, ನಡುವೆ ಕಡ್ಡಿ ಇಟ್ಟು ಅಡುಕಿ, ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಇಡಿ. ಅಡಿಕೆ ಡ್ರೈಯರಿನಲ್ಲಿ ಹಾಕಿ ಬೇಗ ಒಣಗಿಸುವ ಆಸೆ ಬೇಡ. ಹೊರಮೈ ಮೊದಲು ಒಣಗಿ ಸೀಳುತ್ತದೆ.

ಹಲಗೆ ಹೊದಿಸುವುದು

ಮೊದಲ ಪದರಕ್ಕೆ ಕಿಟ್ಟಿನ ಪಟ್ಟಿಯೇ ಸಾಕು, ಅದು ಕಾಣುವುದಿಲ್ಲ. ಹಲಸು, ಆಲೆ ಎಲ್ಲ ಎರಡನೆಯ ಪದರಕ್ಕೆ. ಲೆಕ್ಕ ಮಾತ್ರ ಮೊದಲ ಪದರದಿಂದಲೇ ಕಲಿಯಿರಿ.

ನಡುವಿನ ಅತಿ ದೊಡ್ಡ ಬಲ್ಕ್‌ಹೆಡ್ಡಿನ ಸುತ್ತಳತೆಯನ್ನು ಕಾಗದದ ಪಟ್ಟಿಯಿಂದ ತೆಗೆಯಿರಿ. 120 ಮಿಲಿಮೀಟರ್ ಬಂತು, ಪಟ್ಟಿ 5 ಮಿಲಿಮೀಟರ್ ಅಂದರೆ 24 ಪಟ್ಟಿ ಬೇಕು. ಈಗ ಮೂತಿಯ ಹತ್ತಿರ ಅಳೆಯಿರಿ. ಅಲ್ಲಿ 72 ಇದ್ದರೆ ಅದೇ 24 ಪಟ್ಟಿ ಅಲ್ಲಿ ತಲಾ 3 ಮಿಲಿಮೀಟರ್‌ಗೆ ಕಿರಿದಾಗಬೇಕು. ಯಾವ ಪಟ್ಟಿಯೂ ಅರ್ಧಕ್ಕಿಂತ ಕಿರಿದಾಗಬಾರದು. ಆಗುವ ಹಾಗಿದ್ದರೆ ಎರಡು ಪಟ್ಟಿಯ ಜಾಗಕ್ಕೆ ಒಂದು ಬರುವಂತೆ ಮುಂದೆ ಸೇರಿಸಿ. ಹಿಂಭಾಗದಲ್ಲಿ ಉಲ್ಟಾ, ಅಲ್ಲಿ ಜಾಗ ಅಗಲ ಆಗುತ್ತದೆ, ನಡುವೆ ಬೆಣೆಯಂಥ ತುಂಡು ತುಂಬಬೇಕು. ಪ್ರತಿ ಬಲ್ಕ್‌ಹೆಡ್ಡಿನಲ್ಲೂ ಈ ಭಾಗಗಳ ಗುರುತು ಹಾಕಿಕೊಂಡರೆ ಪಟ್ಟಿ ಎಲ್ಲಿ ಹೋಗಬೇಕು ಅಂತ ಹಡಗೇ ಹೇಳುತ್ತದೆ.

ಬಾಗಿಸಲು ಪಟ್ಟಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಆಮೇಲೆ ಬಿಸಿಯಾದ ಸೋಲ್ಡರಿಂಗ್ ಐರನ್ನಿನ ಕೊಳವೆಗೆ ಒತ್ತಿ ನಿಧಾನ ಬಗ್ಗಿಸಿ. ಆವಿ ಏಳುವಾಗ ಮರ ಬಗ್ಗುತ್ತದೆ, ಆವಿ ನಿಂತರೆ ಮುರಿಯುತ್ತದೆ. ಬಗ್ಗಿದ ಪಟ್ಟಿಯನ್ನು ಹಸಿಯಾಗಿ ಅಂಟಿಸಬೇಡಿ. ಅದರ ಜಾಗದಲ್ಲಿ ಕ್ಲಿಪ್ ಹಾಕಿ ಒಂದು ರಾತ್ರಿ ಒಣಗಲು ಬಿಡಿ. ಕೈಪಿಡಿಯಲ್ಲಿ ಒಂದೆರಡು ಗಂಟೆ ಅಂತ ಇರಬಹುದು, ನಮ್ಮ ಹವೆಗೆ ಅದು ಸಾಲದು.

ಎಡಕ್ಕೆ ಒಂದು ಹಾಕಿದರೆ ಬಲಕ್ಕೆ ಒಂದು. ಒಂದೇ ಬದಿಗೆ ಸಾಲಾಗಿ ಹಾಕಿದರೆ ಒಡಲು ಆ ಕಡೆಗೆ ಎಳೆಯುತ್ತದೆ. ಎರಡನೆಯ ಪದರಕ್ಕೆ ಫೆವಿಕ್ವಿಕ್ ಬೇಡ, ಸಂದಿಯಿಂದ ಹೊರಬಂದು ಕಲೆ ಬಿಡುತ್ತದೆ. ಎಣ್ಣೆ ಅಥವಾ ಪಾಲಿಶ್ ಹಚ್ಚಿದಾಗ ಆ ಕಲೆ ಎದ್ದು ಕಾಣುತ್ತದೆ. ಫೆವಿಕಾಲ್ ತೆಳ್ಳಗೆ ಹಚ್ಚಿ, ಬಟ್ಟೆ ಕ್ಲಿಪ್ ಹಾಕಿ, ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ.

ಡೆಕ್ಕಿಗೆ ಆಲೆ ಮರದ ಪಟ್ಟಿ. ಹಲಗೆಗಳ ನಡುವಿನ ಟಾರಿನ ಗೆರೆ ತೋರಿಸಲು ಪಟ್ಟಿಯ ಒಂದು ಅಂಚಿಗೆ 2ಬಿ ಪೆನ್ಸಿಲ್ ಎಳೆದರೆ ಸಾಕು. ಉದ್ದ ಒಂದೇ ಪಟ್ಟಿ ಹಾಕಬೇಡಿ. ನಿಜವಾದ ಹಲಗೆ 20ರಿಂದ 25 ಅಡಿ, ಅಂದರೆ ಮಾದರಿಯಲ್ಲಿ 95ರಿಂದ 119 ಮಿಲಿಮೀಟರ್. ಪಕ್ಕಪಕ್ಕದ ಹಲಗೆಗಳ ಕೊನೆ ಒಂದೇ ಗೆರೆಯಲ್ಲಿ ಬರಬಾರದು.

ಮರದ ಮೊಳೆಗಳನ್ನು ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಬಿದಿರು. ಅಗರಬತ್ತಿ ಕಡ್ಡಿಯಂಥ ಒಣ ಬಿದಿರನ್ನು ಎಳೆ ಎಳೆಯಾಗಿ ಸೀಳಿ. ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ಉಕ್ಕಿನ ಪಟ್ಟಿ ಇರುತ್ತದಲ್ಲ, ಅದರಲ್ಲಿ ದೊಡ್ಡ ತೂತಿನಿಂದ ಚಿಕ್ಕ ತೂತಿಗೆ ಒಂದೊಂದಾಗಿ ಎಳೆಯಿರಿ. ಇಕ್ಕಳದಲ್ಲಿ ಹಿಡಿದು ಒಂದೇ ದಮ್ಮಿಗೆ ಎಳೆಯಬೇಕು, ನಡುವೆ ನಿಲ್ಲಿಸಿದರೆ ತುಂಡಾಗುತ್ತದೆ. ಪ್ರತಿ ತೂತಿನಲ್ಲೂ ಸಣ್ಣ ಸುರುಳಿ ಸಿಪ್ಪೆ ಬಿಟ್ಟುಕೊಂಡು ಕೊನೆಗೆ ಅರ್ಧ ಮಿಲಿಮೀಟರ್ ದಪ್ಪದ ಗುಂಡು ಎಳೆ ಕೈಗೆ ಬರುತ್ತದೆ. ಅಷ್ಟೇ ಅಗಲದ ತೂತು ಕೊರೆದು, ತುದಿಗೆ ಅಂಟು ಹಚ್ಚಿ, ಒತ್ತಿ, ಕತ್ತರಿಸಿ. ಅರ್ಧ ಮಿಲಿಮೀಟರ್‌ಗಿಂತ ದಪ್ಪ ಆಗುವುದಿದ್ದರೆ ಮೊಳೆಯನ್ನೇ ಬಿಡಿ. ದಪ್ಪ ಚುಕ್ಕಿ ತುಂಬಿದ ಡೆಕ್ಕಿಗಿಂತ ಖಾಲಿ ಡೆಕ್ ನೂರು ಪಾಲು ಲೇಸು.

ಮೂತಿಯ ಗೊಂಬೆ

ಕಿಟ್ಟಿನಲ್ಲಿ ಬರುವ ಎರಕದ ಗೊಂಬೆಯನ್ನು ಬದಲಿಸಿದರೆ ಹಡಗು ಬೇರೆಯೇ ಆಯಿತು ಅಂತ ಲೆಕ್ಕ. ಟ್ರಿಂಕೊಮಲಿಯ ಮೂತಿಯಲ್ಲಿ ತಲೆಗೆ ರುಮಾಲು ಸುತ್ತಿದ ಗಂಡಸು ಇದ್ದಾನೆ. ಇದನ್ನು ಕೆತ್ತಲು ನಮ್ಮ ಕಡೆಗಿಂತ ಒಳ್ಳೆಯ ಜಾಗ ಯಾವುದಿದೆ? ಸಾಗರ, ಸೊರಬದ ಗುಡಿಗಾರರ ಕೈಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಸಣ್ಣ ಮರದಲ್ಲಿ ಎಷ್ಟು ಜೀವ ತುಂಬಬಹುದು ಅಂತ ಗೊತ್ತು.

ಮರ ಆಲೆ ಇರಲಿ, ಶಿವನೆಯೂ ಆಗುತ್ತದೆ. ಎಳೆ ನಿಂತ ದಿಕ್ಕಿಗೇ ಗೊಂಬೆ ನಿಲ್ಲಬೇಕು. 20 ಮಿಲಿಮೀಟರ್ ಚೌಕದ ಉದ್ದ ಕೋಲನ್ನೇ ತೆಗೆದುಕೊಂಡು ಅದರ ತುದಿಯಲ್ಲಿ ಕೆತ್ತಿ, ಉಳಿದದ್ದು ಹಿಡಿಕೆ. ಮೊದಲು ಜೇಡಿಮಣ್ಣಿನಲ್ಲಿ ಅದೇ ಅಳತೆಗೆ ಮಾಡಿ ಹಡಗಿನ ಮೂತಿಗೆ ಹಿಡಿದು ನೋಡಿ. ಗೊಂಬೆ ಎಷ್ಟು ಮುಂದೆ ಬಾಗಬೇಕು ಅನ್ನುವುದು ಕಾಗದದ ಮೇಲೆ ತಿಳಿಯುವುದಿಲ್ಲ.

ಕೋಲಿನ ಎದುರು ಮುಖಕ್ಕೆ ಎದುರಿನ ಚಿತ್ರ, ಪಕ್ಕಕ್ಕೆ ಪಕ್ಕದ ಚಿತ್ರ ಅಂಟಿಸಿ. ಪಕ್ಕದ ಆಕಾರ ಮೊದಲು ಕೊಯ್ಯಿರಿ, ಆಮೇಲೆ ಎದುರಿನದು. ಈಗ ಚೌಕ ಚೌಕವಾದ ಮನುಷ್ಯ ಇರುತ್ತಾನೆ. ರುಮಾಲನ್ನು ಮೊದಲು ಬರೀ ಒಂದು ಉಂಡೆಯಾಗಿ ಬಿಡಿ. ಮುಖದ ಮಧ್ಯದ ಗೆರೆ, ಹುಬ್ಬಿನ ಗೆರೆ, ಗಲ್ಲ, ಇಷ್ಟು ಕೂತ ಮೇಲೆ ಮೂಗು ಎಬ್ಬಿಸಿ. ಕಣ್ಣು ಕೆತ್ತಲು ಹೋಗಬೇಡಿ. ಈ ಅಳತೆಯಲ್ಲಿ ಹುಬ್ಬಿನ ಕೆಳಗೆ ನೆರಳು ಬಿದ್ದರೆ ಸಾಕು, ನೋಡುವವರಿಗೆ ಕಣ್ಣು ಕಾಣುತ್ತದೆ. ರುಮಾಲಿನ ಸುತ್ತುಗಳನ್ನು ಕೊನೆಗೆ, ಹಣೆಯ ಮೇಲಿಂದ ಓರೆಯಾಗಿ ಎಳೆಯಿರಿ. ಸುತ್ತುಗಳ ಅಗಲ ಒಂದೇ ಸಮ ಇರಬಾರದು. ನಮ್ಮ ಊರಿನ ಹಿರಿಯರು ರುಮಾಲು ಸುತ್ತುವುದನ್ನು ನೋಡಿ, ಒಂದು ಸುತ್ತು ಇನ್ನೊಂದರ ಕೆಳಗೆ ಹೇಗೆ ಅಡಗುತ್ತದೆ ಅಂತ ತಿಳಿಯುತ್ತದೆ.

ಕೆತ್ತನೆ ನಿಮ್ಮ ಕೈಗೆ ಒಗ್ಗದಿದ್ದರೆ ಕೆತ್ತುವವರಿಗೆ ಕೊಡಿ. ಆದರೆ ಫೋಟೋ ತೋರಿಸಿ ಹೀಗೆ ಮಾಡಿಕೊಡಿ ಅಂದರೆ ಸಾಲದು. ನಿಜ ಅಳತೆಯ ಎರಡು ಚಿತ್ರ, ಜೇಡಿಮಣ್ಣಿನ ಮಾದರಿ, ಗೊಂಬೆ ಕೂರುವ ಹಡಗಿನ ಮೂತಿಯ ಒಂದು ತುಂಡು, ಇಷ್ಟು ಒಯ್ಯಿರಿ. ಸಣ್ಣದು ಅಂತ ಕಡಿಮೆ ದುಡ್ಡು ಹೇಳಬೇಡಿ. ಸಣ್ಣ ಕೆಲಸಕ್ಕೇ ಹೊತ್ತು ಜಾಸ್ತಿ.

ತಾಮ್ರ ಮತ್ತು ಬಣ್ಣ

ಆ ಕಾಲದ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು, ಹುಳ ಮರ ಕೊರೆಯದ ಹಾಗೆ, ಪಾಚಿ ಹಿಡಿಯದ ಹಾಗೆ. ತಗಡಿನ ಅಳತೆ 4 ಅಡಿ ಉದ್ದ, 14 ಇಂಚು ಅಗಲ. ಮಾದರಿಯಲ್ಲಿ 19 ಮಿಲಿಮೀಟರ್ ಮತ್ತು 5.6 ಮಿಲಿಮೀಟರ್. ಅಂಟು ಇರುವ ತಾಮ್ರದ ಟೇಪನ್ನು ಈ ಅಳತೆಗೆ ಕತ್ತರಿಸಿ, ಹಿಂಭಾಗದಿಂದ ಮುಂದಕ್ಕೆ, ಕೆಳಗಿನಿಂದ ಮೇಲಕ್ಕೆ ಅಂಟಿಸಿ. ಆಗ ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಬರುತ್ತದೆ, ನೀರು ಅಂಚನ್ನು ಎಬ್ಬಿಸುವುದಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ, ಮಲೆನಾಡಿನ ತೇವಕ್ಕೆ ಬೆರಳ ಗುರುತು ಒಂದೇ ವಾರದಲ್ಲಿ ಕಪ್ಪಾಗುತ್ತದೆ. ಮುಗಿದ ಮೇಲೆ ಹುಣಸೆ ರಸದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ. ಇನ್ನು ಮುಂದೆ ಅದು ಹೇಗೆ ಕಂದುತ್ತದೋ ಕಂದಲಿ. ವಾರ್ನಿಷ್ ಬೇಡ.

ಬಣ್ಣ ತೆಳ್ಳಗೆ, ಹಲವು ಸಲ. ಅಚ್ಚ ಕಪ್ಪು, ಅಚ್ಚ ಬಿಳಿ ಬಳಸಬೇಡಿ. ಕಪ್ಪಿಗೆ ಚೂರು ಕಂದು, ಬಿಳಿಗೆ ಚೂರು ಹಳದಿ ಬೆರೆಸಿದರೆ ಅಳತೆಗೆ ಒಪ್ಪುತ್ತದೆ. ಬಣ್ಣ ಹಚ್ಚದ ಮರಕ್ಕೆ ಲಿನ್ಸೀಡ್ ಎಣ್ಣೆಗಿಂತ ತೆಳು ಫ್ರೆಂಚ್ ಪಾಲಿಶ್ ನನಗೆ ಇಷ್ಟ. ಹಸಿ ಎಣ್ಣೆ ಮಳೆಗಾಲದಲ್ಲಿ ಬೂಷ್ಟಿಗೆ ಊಟ ಆಗುತ್ತದೆ. ಪಾಲಿಶನ್ನು ಡಿಸೆಂಬರ್, ಜನವರಿಯ ಮಧ್ಯಾಹ್ನ ಹಚ್ಚಿ.

ಕಂಬ ಮತ್ತು ಹಗ್ಗ

ಹಾಯಿಕಂಬಕ್ಕೆ ಚೌಕದ ಕೋಲಿನಿಂದ ಶುರು ಮಾಡಿ. ನಾಲ್ಕು ಮೂಲೆ ತೆಗೆದು ಎಂಟು ಮುಖ, ಎಂಟರಿಂದ ಹದಿನಾರು, ಆಮೇಲೆ ಡ್ರಿಲ್ಲಿಗೆ ಹಾಕಿ ಪಾಲಿಶ್ ಪೇಪರಿನಲ್ಲಿ ಗುಂಡು. ಅಂಗಡಿಯ ಗುಂಡು ಕೋಲಿಗಿಂತ ಇದು ನೇರ ಉಳಿಯುತ್ತದೆ, ಯಾಕೆಂದರೆ ಎಳೆ ನೋಡಿ ನೀವೇ ಆರಿಸಿರುತ್ತೀರಿ.

ಕಿಟ್ಟಿನ ರಾಟೆಗಳನ್ನು ಒಮ್ಮೆ ಅಳೆಯಿರಿ. ರಾಟೆಯ ಉದ್ದ ಅದರಲ್ಲಿ ಓಡುವ ಹಗ್ಗದ ದಪ್ಪದ ಎಂಟು ಪಟ್ಟು ಅಂತ ಇಟ್ಟುಕೊಳ್ಳಿ. ಒಂದು ಇಂಚಿನ ಹಗ್ಗಕ್ಕೆ ಎಂಟು ಇಂಚಿನ ರಾಟೆ, ಮಾದರಿಯಲ್ಲಿ 0.4 ಮಿಲಿಮೀಟರ್ ದಾರಕ್ಕೆ 3.2 ಮಿಲಿಮೀಟರ್ ರಾಟೆ. ಎಲ್ಲ ಕಡೆಗೂ 5 ಮಿಲಿಮೀಟರ್ ಕೊಟ್ಟಿದ್ದರೆ ಹಡಗು ಅಡಿಕೆಗೊನೆ ತೂಗಿಹಾಕಿದಂತೆ ಭಾರವಾಗುತ್ತದೆ. ಆಲೆ ಮರದ ಪಟ್ಟಿಯಲ್ಲಿ ಸಾಲಾಗಿ ತೂತು ಕೊರೆದು, ಹಗ್ಗ ಕೂರುವ ಗೀರು ತೆಗೆದು, ಕತ್ತರಿಸಿದರೆ ಒಂದು ಮಳೆಗಾಲಕ್ಕೆ ಬೇಕಾದಷ್ಟು ರಾಟೆ ಆಗುತ್ತವೆ.

ದಾರದ ವಿಷಯದಲ್ಲಿ ಕೈಪಿಡಿಯ ಮಾತು ಕೇಳಬೇಡಿ. ಹತ್ತಿ ದಾರ ತೇವ ಕುಡಿದಾಗ ಗಿಡ್ಡ ಆಗುತ್ತದೆ, ಒಣಗಿದಾಗ ಸಡಿಲ ಬಿಡುತ್ತದೆ. ಬೇಸಿಗೆಯಲ್ಲಿ ವೀಣೆಯ ತಂತಿಯಷ್ಟು ಬಿಗಿದ ಹಗ್ಗ ಮಳೆಗಾಲದಲ್ಲಿ ಕಂಬವನ್ನೇ ಬಗ್ಗಿಸುತ್ತದೆ. ಹೊಳಪಿಲ್ಲದ ಪಾಲಿಯೆಸ್ಟರ್ ದಾರ ನಮ್ಮ ಹವೆಗೆ ಸರಿ. ಶಿವಮೊಗ್ಗದ ಗಾಂಧಿ ಬಜಾರಿನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಬಗೆಬಗೆಯ ದಪ್ಪದ್ದು ಸಿಗುತ್ತದೆ. ಮೂರು ಎಳೆ ಸೇರಿಸಿ ಡ್ರಿಲ್ಲಿನಲ್ಲಿ ಹೊಸೆದರೆ ನಿಜವಾದ ಹಗ್ಗದ ತಿರುವು ಬರುತ್ತದೆ. ಆಮೇಲೆ ಜೇನುಮೇಣದ ಉಂಡೆಯ ಮೇಲೆ ಒಮ್ಮೆ ಎಳೆದು, ಬೆರಳಲ್ಲಿ ಬಿಸಿಯಾಗುವಂತೆ ಉಜ್ಜಿ. ನಾರು ಕೂರುತ್ತದೆ.

ಕಂಬ ಹಿಡಿದು ನಿಲ್ಲಿಸುವ ಹಗ್ಗಗಳು ಟಾರು ಬಳಿದವು, ಹಾಗಾಗಿ ಕಡು ಕಂದು. ಹಾಯಿ ಎಳೆಯುವ ಹಗ್ಗಗಳು ಗೋಣಿ ದಾರದ ಬಣ್ಣ. ಶ್ರೌಡ್‌ಗಳನ್ನು, ಅಂದರೆ ಕಂಬವನ್ನು ಎರಡೂ ಬದಿಗೆ ಎಳೆದು ಹಿಡಿಯುವ ಹಗ್ಗಗಳನ್ನು, ಬಲಬದಿಯ ಮುಂದಿನ ಜೋಡಿಯಿಂದ ಶುರು ಮಾಡಿ, ಎಡಕ್ಕೆ ಒಂದು ಜೋಡಿ, ಮತ್ತೆ ಬಲಕ್ಕೆ, ಹೀಗೆ ಕಟ್ಟುತ್ತ ಹೋಗಿ. ಪ್ರತಿ ಜೋಡಿಗೂ ಕಂಬ ನೆಟ್ಟಗಿದೆಯೇ ನೋಡಿ. ಅವುಗಳ ಮೇಲೆ ಹತ್ತುವ ಅಡ್ಡ ಹಗ್ಗಗಳ ನಡುವೆ 13 ಇಂಚು, ಅಂದರೆ 5.2 ಮಿಲಿಮೀಟರ್. ಗೆರೆ ಎಳೆದ ಕಾಗದವನ್ನು ಹಿಂದೆ ಇಟ್ಟುಕೊಂಡು ಕಟ್ಟಿ. ಬೇಕಿದ್ದರೆ ಆ ರಟ್ಟಿನ ನಾವಿಕನನ್ನು ಮತ್ತೆ ಕರೆಯಿರಿ, ಅವನ ಕಾಲು ಒಂದರಿಂದ ಇನ್ನೊಂದಕ್ಕೆ ಎಟುಕಬೇಕು.

ಪೆಟ್ಟಿಗೆ

ಗಾಜಿನ ಪೆಟ್ಟಿಗೆ ಇಲ್ಲದೆ ಮಲೆನಾಡಿನಲ್ಲಿ ಹಡಗು ಉಳಿಯುವುದಿಲ್ಲ. ಧೂಳಿಗಿಂತ ಬೂಷ್ಟು ಮತ್ತು ಜೇಡ ದೊಡ್ಡ ಶತ್ರು. ಆದರೆ ಪೂರ್ತಿ ಗಾಳಿ ಕಟ್ಟಿದ ಪೆಟ್ಟಿಗೆಯೂ ಬೇಡ. ಹೊಸ ಮರ ಮತ್ತು ಪ್ಲೈಯಿಂದ ಹುಳಿ ಆವಿ ಬರುತ್ತದೆ. ಕಿಟ್ಟಿನ ಸೀಸದ ಎರಕದ ಭಾಗಗಳು ಅದರಲ್ಲಿ ಬೆಳ್ಳಗೆ ಪುಡಿಯಾಗುತ್ತವೆ. ಪೆಟ್ಟಿಗೆಯ ತಳದ ಹಿಂದುಗಡೆ ಎರಡು ಕಡೆ ತೂತು ಕೊರೆದು, ಇರುವೆ ಹೋಗದಂತೆ ಸಣ್ಣ ಜಾಲರಿ ಹಾಕಿ. ತಳದಲ್ಲಿ ಒಂದು ಸಣ್ಣ ಡ್ರಾಯರ್ ಮಾಡಿಸಿ ಅದರಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ತಿರುಗಿದಾಗ ತೆಗೆದು ಬಿಸಿ ಮಾಡಿ ಮತ್ತೆ ಹಾಕಿ. ಹೊರಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಬಿಸಿಲು ನೇರ ಬೀಳುವ ಕಿಟಕಿಯೂ ಬೇಡ.

ಪೆಟ್ಟಿಗೆಯ ಅಡಿಗೆ ಒಂದು ಕಾಗದ ಅಂಟಿಸಿ. ಹಡಗಿನ ಹೆಸರು, ಯಾವ ವರ್ಷದ ರೂಪ, ಅಳತೆ, ಯಾವ ಭಾಗಕ್ಕೆ ಯಾವ ಮರ, ಯಾವ ದಾರ, ಯಾವ ಪಾಲಿಶ್, ಕಿಟ್ಟಿನಿಂದ ಏನೇನು ಬದಲಿಸಿದ್ದೀರಿ, ಎಲ್ಲ ಬರೆಯಿರಿ. ಮುಂದೊಂದು ದಿನ ಹಗ್ಗ ಕಡಿದರೆ ಸರಿ ಮಾಡುವವರಿಗೆ ಅದೇ ದಾರಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಇಂಕು ತೇವಕ್ಕೆ ಹರಡುತ್ತದೆ.